ವೀಸಾ ಬೇಡ ಎಂದರೆ ಏನೂ ಬೇಡ ಎಂದಲ್ಲ

ಪ್ರಶ್ನೆ: ನಾವು ನೋಡಬೇಕೆಂದಿರುವ ದೇಶಕ್ಕೆ ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಡವಂತೆ. ಹತ್ತು ದಿನ ಸುತ್ತಾಡಿ ಬರುವುದಷ್ಟೇ. ಟಿಕೆಟ್ ತೆಗೆದುಕೊಂಡು ಸೀದಾ ಹೊರಟುಬಿಡಬಹುದಾ?

ಉತ್ತರ: ಹೊರಡಬಹುದು, ಆದರೆ ಒಂದು ಸಂಜೆ ಕೂತು ಕೆಲವು ವಿಷಯ ನೋಡಿಕೊಂಡ ಮೇಲೆ. ವೀಸಾ ಬೇಡ ಎಂದು ಜನ ಹೇಳುವಾಗ ಬೇರೆ ಬೇರೆ ವ್ಯವಸ್ಥೆಗಳನ್ನು ಒಟ್ಟಿಗೆ ಕಲಸಿಬಿಡುತ್ತಾರೆ. ನಿಜವಾದ ವೀಸಾ ಫ್ರೀ ಎಂದರೆ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವುದು. ವೀಸಾ ಆನ್ ಅರೈವಲ್ ಅದಲ್ಲ, ಅಲ್ಲಿ ಇಳಿದ ಮೇಲೆ ಅರ್ಜಿ ಕೊಡಬೇಕು, ಸಾಮಾನ್ಯವಾಗಿ ದುಡ್ಡೂ ಕಟ್ಟಬೇಕು. ಇ-ವೀಸಾ ಅಂತೂ ವೀಸಾನೇ, ಆನ್‌ಲೈನ್‌ನಲ್ಲಿ ಸಿಗುತ್ತದೆ ಅಷ್ಟೆ. ಇನ್ನು ಕೆಲವು ಕಡೆ ವೀಸಾ ಇಲ್ಲದಿದ್ದರೂ ಹೊರಡುವ ಮೊದಲೇ ಆನ್‌ಲೈನ್ ಅನುಮತಿ ಪಡೆಯಬೇಕು. ಅಮೆರಿಕದ ವೀಸಾ ವಿನಾಯಿತಿ ಪಟ್ಟಿಯಲ್ಲಿರುವ ದೇಶದವರಿಗೂ 2009ರಿಂದ ಎಸ್ಟಾ ಎಂಬ ಈ ಅನುಮತಿ ಕಡ್ಡಾಯ. ಅದು ಇಲ್ಲದಿದ್ದರೆ ವಿಮಾನ ಹತ್ತಿಸುವುದೇ ಇಲ್ಲ.

ನಿಮ್ಮನ್ನು ಮೊದಲು ತಡೆಯುವವರು ಆ ದೇಶದ ಇಮಿಗ್ರೇಷನ್‌ನವರಲ್ಲ, ನೀವು ಹೊರಡುವ ಊರಿನ ಚೆಕ್-ಇನ್ ಕೌಂಟರ್‌ನವರು. ಸರಿಯಾದ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ವಿಮಾನ ಕಂಪನಿಗೆ ದಂಡ ಬೀಳಬಹುದು, ವಾಪಸ್ ಕರೆತರುವ ಹೊಣೆಯೂ ಅವರದೇ. ಅದಕ್ಕೇ ಅಷ್ಟು ಬಿಗಿ. ಅವರು ನೋಡುವುದು ಹೆಚ್ಚಾಗಿ ಅಂತರರಾಷ್ಟ್ರೀಯ ವಿಮಾನ ಕಂಪನಿಗಳ ಸಂಘ ಅಯಾಟಾದ ಟೈಮ್ಯಾಟಿಕ್ ಎಂಬ ಮಾಹಿತಿ ಕೋಶವನ್ನು. ಹಲವು ವಿಮಾನ ಕಂಪನಿಗಳ ಜಾಲತಾಣದಲ್ಲಿ ಪ್ರಯಾಣಿಕರೂ ಅದನ್ನು ನೋಡಬಹುದು. ಅದರ ಜೊತೆಗೆ ಆ ದೇಶದ ಸರ್ಕಾರಿ ಜಾಲತಾಣವನ್ನೂ ನೋಡಿ. ಹೋದ ವರ್ಷ ಹೋಗಿ ಬಂದ ಗೆಳೆಯರ ಮಾತು ಸಾಲದು, ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ.

ಪಾಸ್‌ಪೋರ್ಟ್‌ನ ಅವಧಿಯನ್ನು ದಯವಿಟ್ಟು ಇವತ್ತೇ ತೆಗೆದು ನೋಡಿ. ಎಷ್ಟೋ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮತಮ್ಮ ನಡುವಿನ ಗಡಿಯಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪಿನಲ್ಲಿ, ಲೆಕ್ಕ ಬೇರೆ: ನೀವು ವಾಪಸ್ ಹೊರಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಇರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ದುಡ್ಡಿದೆ ಎಂಬುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನು ಕಾಗದದಲ್ಲೇ ಇಟ್ಟುಕೊಳ್ಳಿ. ಮೊಬೈಲ್ ಚಾರ್ಜ್ ಮುಗಿಯುವುದು ಇಂಥ ಹೊತ್ತಿನಲ್ಲೇ.

ಇಷ್ಟೆಲ್ಲ ಇದ್ದರೂ ಕೊನೆಯ ಮಾತು ಇಮಿಗ್ರೇಷನ್ ಅಧಿಕಾರಿಯದು. ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಯಾವಾಗ ಹೊರಡುತ್ತೀರಿ ಎಂದು ಕೇಳಿದರೆ ಇದ್ದದ್ದನ್ನು ಚಿಕ್ಕದಾಗಿ ಹೇಳಿ. ವೀಸಾ ಇಲ್ಲದೆ ಬಂದವರ ಬಗ್ಗೆ ಮೊದಲೇ ಯಾರೂ ಹೆಚ್ಚು ವಿಚಾರಿಸಿರುವುದಿಲ್ಲ, ಹಾಗಾಗಿ ರಾಯಭಾರ ಕಚೇರಿಯಲ್ಲಿ ಕೇಳಬೇಕಾದ್ದನ್ನೆಲ್ಲ ಅವರು ಅಲ್ಲೇ ನಿಂತು ಕೇಳಬಹುದು. ಅದಕ್ಕೆ ಗಾಬರಿ ಬೇಡ.

ಪ್ರಶ್ನೆ: ಯುರೋಪಿನಲ್ಲಿ 90 ದಿನ ಇರಬಹುದು ಎಂದು ಓದಿದೆ. 90 ದಿನ ಮುಗಿದ ಮೇಲೆ ಒಂದು ದಿನ ಪಕ್ಕದ ದೇಶಕ್ಕೆ ಹೋಗಿ ಬಂದರೆ ಮತ್ತೆ 90 ದಿನ ಸಿಗುತ್ತದಾ?

ಉತ್ತರ: ಇಲ್ಲ. ಎಷ್ಟು ಜನ ಇಲ್ಲೇ ಸಿಕ್ಕಿಬೀಳುತ್ತಾರೆ ಅಂದರೆ ಬೇಸರವಾಗುತ್ತದೆ. ವೀಸಾ ವಿನಾಯಿತಿ ಇರುವವರಿಗೆ ಷೆಂಗೆನ್ ನಿಯಮ ಇದು: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ. ಫ್ರಾನ್ಸ್‌ಗೆ 90, ಇಟಲಿಗೆ ಇನ್ನೊಂದು 90 ಎಂದಲ್ಲ, 29 ದೇಶಗಳೂ ಸೇರಿ ಒಂದೇ ಲೆಕ್ಕ. ಐರ್ಲೆಂಡ್, ಸೈಪ್ರಸ್ ಐರೋಪ್ಯ ಒಕ್ಕೂಟದಲ್ಲಿದ್ದರೂ ಈ ಗುಂಪಿನಲ್ಲಿಲ್ಲ, ಅವುಗಳ ನಿಯಮ ಪ್ರತ್ಯೇಕ.

ಈ 180 ದಿನ ಎಂಬುದು ಕ್ಯಾಲೆಂಡರಿನ ಅರ್ಧ ವರ್ಷವೂ ಅಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಆ ದಿನವನ್ನೂ ಸೇರಿಸಿ ಹಿಂದಿನ 180 ದಿನ ಎಣಿಸಬೇಕು. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಮಾರ್ಚ್ 1ಕ್ಕೆ ಬಂದು ಮೇ 29ಕ್ಕೆ ಹೊರಟರೆ ಸರಿಯಾಗಿ 90 ದಿನ ಆಯಿತು. ಮತ್ತೆ ಕಾಲಿಡಬಹುದಾದ್ದು ಆಗಸ್ಟ್ 28ಕ್ಕೆ, ಏಕೆಂದರೆ ಅವತ್ತು ಮಾರ್ಚ್ 1 ಲೆಕ್ಕದಿಂದ ಜಾರಿ ಹೋಗಿರುತ್ತದೆ. ಕೈಲೆಕ್ಕ ಕಷ್ಟ ಅನಿಸಿದರೆ ಐರೋಪ್ಯ ಆಯೋಗದ ಜಾಲತಾಣದಲ್ಲಿ ಇದಕ್ಕೆಂದೇ ಕ್ಯಾಲ್ಕುಲೇಟರ್ ಇದೆ. ಯಾರೂ ಗಮನಿಸುವುದಿಲ್ಲ ಎಂದುಕೊಳ್ಳಬೇಡಿ. 2025ರ ಅಕ್ಟೋಬರ್ 12ರಿಂದ ಅಲ್ಲಿ ಮುದ್ರೆ ಒತ್ತುವ ಬದಲು ಬೆರಳಚ್ಚು, ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಶುರುವಾಗಿದೆ. ಜಾಸ್ತಿ ದಿನ ಉಳಿದರೆ ದಂಡ ಬೀಳಬಹುದು, ಪ್ರವೇಶ ನಿಷೇಧವೂ ಬರಬಹುದು. ಆಮೇಲೆ ಬೇರೆ ದೇಶದ ವೀಸಾ ಅರ್ಜಿಯಲ್ಲೂ ಅದನ್ನು ಹೇಳಿಕೊಳ್ಳಬೇಕಾಗಬಹುದು.

ಅಮೆರಿಕದಲ್ಲೂ ಇಂಥದೇ. ವಿನಾಯಿತಿಯ ಮೇಲೆ 90 ದಿನಕ್ಕೆ ಬಂದವರು ನಡುವೆ ಕೆನಡಾ, ಮೆಕ್ಸಿಕೊ ಸುತ್ತಿ ಬಂದರೂ ಸಾಮಾನ್ಯವಾಗಿ ಹಳೆಯ ಗಡಿಯಾರವೇ ಓಡುತ್ತಿರುತ್ತದೆ.

ಪ್ರಶ್ನೆ: ನಾನಿರುವ ದೇಶದವರಿಗೆ ವೀಸಾ ಬೇಡ. ನನಗೂ ಬೇಡ ಅಲ್ವಾ? ನನ್ನ ಪಾಸ್‌ಪೋರ್ಟ್ ಮಾತ್ರ ಬೇರೆ ದೇಶದ್ದು.

ಉತ್ತರ: ಸಾಮಾನ್ಯವಾಗಿ ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು, ನೀವು ಎಲ್ಲಿ ನೆಲೆಸಿದ್ದೀರಿ ಎಂದಲ್ಲ. ಕೆಲವು ದೇಶಗಳು ಗ್ರೀನ್ ಕಾರ್ಡ್‌ನಂಥ ವಾಸದ ಪರವಾನಗಿ ಇದ್ದವರಿಗೂ ರಿಯಾಯಿತಿ ಕೊಡುತ್ತವೆ, ಅದು ಬರೆದಿದ್ದರೆ ಮಾತ್ರ ನಂಬಿ. ಕುಟುಂಬದಲ್ಲಿ ಒಬ್ಬೊಬ್ಬರದು ಒಂದೊಂದು ಪಾಸ್‌ಪೋರ್ಟ್ ಆಗಿದ್ದರೆ ಒಬ್ಬೊಬ್ಬರದನ್ನೂ ಬೇರೆಯಾಗಿ ಪರೀಕ್ಷಿಸಿ. ಮಗುವಿನದನ್ನು ಮರೆಯಬೇಡಿ.

ಪ್ರಶ್ನೆ: ನಡುವೆ ವಿಮಾನ ಬದಲಿಸುವ ದೇಶಕ್ಕೂ ಇದೆಲ್ಲ ಬೇಕಾ?

ಉತ್ತರ: ಬೇಕಾಗಬಹುದು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬರೀ ವಿಮಾನ ಬದಲಿಸುವುದಿದ್ದರೂ ಇಮಿಗ್ರೇಷನ್ ದಾಟಲೇಬೇಕು, ಅಂದರೆ ಎಸ್ಟಾ ಅಥವಾ ವೀಸಾ ಬೇಕು. ಬೇರೆ ಕಡೆಗಳಲ್ಲೂ ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಲಗೇಜ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಲು ಹೊರಗೆ ಬರಬೇಕಾಗುತ್ತದೆ, ಆಗ ಆ ದೇಶದೊಳಗೆ ಕಾಲಿಟ್ಟ ಹಾಗೆಯೇ. ಟಿಕೆಟ್ ಅಗ್ಗ ಎಂದು ಬುಕ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಪ್ರಶ್ನೆ: ಲ್ಯಾಪ್‌ಟಾಪ್ ಒಯ್ದು ಆಫೀಸ್ ಕೆಲಸ ಮಾಡಬಹುದಾ?

ಉತ್ತರ: ಅಲ್ಲಿನವರ ಹತ್ತಿರ ಸಂಬಳಕ್ಕೆ ದುಡಿಯುವುದಂತೂ ಬೇಡವೇ ಬೇಡ. ನಿಮ್ಮದೇ ಕಂಪನಿಯ ಕೆಲಸವನ್ನು ದೂರದಿಂದ ಮಾಡುವ ವಿಷಯದಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಬ್ರಿಟನ್ ಇದಕ್ಕೆ ಒಪ್ಪುತ್ತದೆ, ಆದರೆ ಬಂದ ಮುಖ್ಯ ಉದ್ದೇಶ ಅದೇ ಆಗಿರಬಾರದು. ಉಳಿದ ಕಡೆ ಹೊರಡುವ ಮುಂಚೆ ಅಲ್ಲಿನ ರಾಯಭಾರ ಕಚೇರಿಗೆ ಮೇಲ್ ಹಾಕಿ ಕೇಳಿ, ಉತ್ತರದ ಪ್ರಿಂಟ್ ಜೊತೆಗಿಟ್ಟುಕೊಳ್ಳಿ.