ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟಾಗ ಆಮದು ಸುಂಕದ ಕೋಟಾಗಳನ್ನು ಹೇಗೆ ಹಂಚಿಕೊಂಡರು?

ಹಿಂದಿನ ಬಳಕೆಯ ಅನುಪಾತದಲ್ಲಿ ಹಂಚಿಕೊಂಡರು. ನಿಗದಿತ ಪ್ರಮಾಣದವರೆಗಿನ ಆಮದಿಗೆ ಕಡಿಮೆ ಸುಂಕ, ಅದನ್ನು ಮೀರಿದ್ದಕ್ಕೆ ಭಾರಿ ಸುಂಕ ಎಂಬುದೇ ಸುಂಕ ಕೋಟಾ. 2013ರಿಂದ 2015ರವರೆಗೆ ಪ್ರತಿ ಕೋಟಾದಡಿ ಬಂದ ಸರಕಿನಲ್ಲಿ ಬ್ರಿಟನ್ನಿಗೆ ಹೋದದ್ದೆಷ್ಟು, ಉಳಿದ ಸದಸ್ಯ ದೇಶಗಳಿಗೆ ಹೋದದ್ದೆಷ್ಟು ಎಂದು ಲೆಕ್ಕ ಹಾಕಿ, ಒಟ್ಟು ಪ್ರಮಾಣ ಬದಲಾಗದಂತೆ ಇಬ್ಭಾಗ ಮಾಡಿದರು. ನ್ಯೂಜಿಲೆಂಡಿನ ಕುರಿಮಾಂಸದ ಸುಮಾರು 2.28 ಲಕ್ಷ ಟನ್ ಕೋಟಾ ಹೀಗೆ ಹೆಚ್ಚುಕಡಿಮೆ ಅರ್ಧರ್ಧವಾಯಿತು.

ಒಟ್ಟು ಪ್ರಮಾಣ ಕುಗ್ಗದಿದ್ದರೂ ನ್ಯೂಜಿಲೆಂಡ್, ಅಮೆರಿಕ, ಬ್ರೆಜಿಲ್ ಮೊದಲಾದ ದೇಶಗಳು ತಕರಾರು ತೆಗೆದವು. ಆ ತಕರಾರಿನಲ್ಲಿ ಹುರುಳೂ ಇತ್ತು: ಮೊದಲಾದರೆ ಬ್ರಿಟನ್ನಿನಲ್ಲಿ ಬೇಡಿಕೆ ಇಳಿದಾಗ ಅದೇ ಕೋಟಾದಡಿ ಮಾಂಸವನ್ನು ಜರ್ಮನಿಗೋ ಫ್ರಾನ್ಸಿಗೋ ಕಳುಹಿಸಬಹುದಿತ್ತು, ಇಬ್ಭಾಗವಾದ ಮೇಲೆ ಒಂದರಲ್ಲಿ ಬಳಕೆಯಾಗದೆ ಉಳಿದದ್ದನ್ನು ಇನ್ನೊಂದಕ್ಕೆ ಸೇರಿಸುವಂತಿಲ್ಲ. ಆದ್ದರಿಂದ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಡಿ ಈ ರಫ್ತುದಾರ ದೇಶಗಳೊಡನೆ ಮಾತುಕತೆ ನಡೆಸಬೇಕಾಯಿತು.