ಇಮ್ಯಾಜಿನ್, ವಿಷುವಲೈಜ್, ಡೇಡ್ರೀಮ್, ಫ್ಯಾಂಟಸೈಜ್: ಎಲ್ಲ ಒಂದೇನಾ?

ನೀವು ಕೇಳಿದ್ದು ಇದು: ಇಮ್ಯಾಜಿನ್, ವಿಷುವಲೈಜ್, ಡೇಡ್ರೀಮ್, ಫ್ಯಾಂಟಸೈಜ್ ಎಲ್ಲಕ್ಕೂ 'ಕಲ್ಪಿಸಿಕೊಳ್ಳು' ಅಂತಲೇ ಅರ್ಥ ಸಿಗುತ್ತದೆ, ಹಾಗಾದರೆ ಯಾವುದನ್ನು ಬೇಕಾದರೂ ಬಳಸಬಹುದಾ? ಜೊತೆಗೆ ಕೆಲಸದ ಅರ್ಜಿಗೆ ಬರೆದ ಒಂದು ಸಾಲನ್ನೂ ಹಾಕಿದ್ದೀರಿ: 'ಐ ಆಮ್ ಫ್ಯಾಂಟಸೈಜಿಂಗ್ ಟು ಬಿಕಮ್ ಎ ಮ್ಯಾನೇಜರ್ ಇನ್ ಯುವರ್ ಕಂಪನಿ.'

ದಯವಿಟ್ಟು ಮೊದಲು ಆ ಸಾಲನ್ನು ತೆಗೆದುಹಾಕಿ. ಫ್ಯಾಂಟಸೈಜ್ ಅಂದರೆ ಕೈಗೆ ಸಿಗುವುದು ಕಷ್ಟ ಅಂತ ಗೊತ್ತಿರುವ ಸುಖವನ್ನು ತಲೆಯೊಳಗೇ ಅನುಭವಿಸುವುದು. ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಅಂದರೆ 'ಈ ಕೆಲಸ ನನಗೆ ಸಿಗಲ್ಲ, ಆದರೂ ಆಸೆ ಪಡ್ತಿದ್ದೀನಿ' ಅಂತ ನೀವೇ ಬರೆದುಕೊಟ್ಟ ಹಾಗಾಯಿತು. ಇನ್ನೊಂದು ತೊಂದರೆಯೂ ಇದೆ. ಈ ಪದಕ್ಕೆ ಲೈಂಗಿಕ ಆಸೆಯ ಛಾಯೆ ಅಂಟಿಕೊಂಡಿದೆ. ಎಲ್ಲ ಕಡೆಯೂ ಆ ಅರ್ಥ ಬರುವುದಿಲ್ಲ, ಆದರೆ ಅರ್ಜಿಯಲ್ಲಿ ಅದರ ನೆರಳೂ ಬೇಡ. 'ಐ ಹೋಪ್ ಟು ಬಿಕಮ್ ಎ ಮ್ಯಾನೇಜರ್' ಅಂತ ಬರೆಯಿರಿ. ಸರಳವಾಗಿದೆ, ಗೌರವವಾಗಿಯೂ ಇದೆ.

ನಾನು ಚಿಕ್ಕಬಳ್ಳಾಪುರದಲ್ಲಿ ಸಂಜೆ ಹೊತ್ತು ಡಿಗ್ರಿ ಓದುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪದಗಳು ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ ಅಂತ ಹೇಳುತ್ತೇನೆ. ಮನಸ್ಸಿನ ಹಗ್ಗ ನಿಮ್ಮ ಕೈಯಲ್ಲಿದೆಯಾ, ಇಲ್ಲ ಅದು ಬಿಚ್ಚಿಕೊಂಡು ತನ್ನ ಪಾಡಿಗೆ ಮೇಯಲು ಹೋಗಿದೆಯಾ? ಮತ್ತೆ, ಕಲ್ಪಿಸಿಕೊಂಡದ್ದು ನಿಜವಾಗಲಿ ಅಂತ ಹೊರಟಿದ್ದೀರಾ, ಇಲ್ಲ ಸುಮ್ನೆ ಖುಷಿಗಾ?

ಇಮ್ಯಾಜಿನ್‌ನಲ್ಲಿ ಸಾಮಾನ್ಯವಾಗಿ ಹಗ್ಗ ನಿಮ್ಮ ಕೈಯಲ್ಲೇ ಇರುತ್ತದೆ. ಅದಕ್ಕೇ ಅದನ್ನು ಆಜ್ಞೆಯಾಗಿ ಹೇಳಬಹುದು. ಹೈಸ್ಕೂಲಿನ ಪತ್ರಲೇಖನದ ಪ್ರಶ್ನೆ ನೆನಪಿದೆಯಾ? 'ಇಮ್ಯಾಜಿನ್ ದಟ್ ಯು ಆರ್…' ಅಂತ ಶುರುವಾಗುತ್ತಿತ್ತು. ಆ ಜಾಗದಲ್ಲಿ ಡೇಡ್ರೀಮ್ ಹಾಕಿ ನೋಡಿ, ವಾಕ್ಯ ನಿಲ್ಲುವುದೇ ಇಲ್ಲ. ಡೇಡ್ರೀಮ್ ಹೇಳಿ ಮಾಡಿಸುವ ಕೆಲಸ ಅಲ್ಲ, ತಾನಾಗಿ ಆಗುವಂಥದ್ದು. ಬೆಂಗಳೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಹುಡುಗ, ನಂದಿ ಬೆಟ್ಟ ನೋಡುತ್ತಾ ಎಲ್ಲೋ ಹೋಗಿಬಿಡುತ್ತಾನೆ. ದೇವನಹಳ್ಳಿಯಲ್ಲಿ ಇಳಿಯಬೇಕಾದವನಿಗೆ ಯಲಹಂಕದಲ್ಲಿ ಎಚ್ಚರ. ನಿದ್ದೆ ಮಾಡಿರಲಿಲ್ಲ, ಕಣ್ಣು ತೆರೆದೇ ಇತ್ತು. 'ಹಿ ವಾಸ್ ಡೇಡ್ರೀಮಿಂಗ್' ಅನ್ನುವುದು ಇಂಥ ಕಡೆ. ತಲೆಯಲ್ಲಿ ಕನಸೂ ಇಲ್ಲ, ಏನೂ ಇಲ್ಲ, ಗಮನ ಮಾತ್ರ ಹೋಗಿತ್ತು ಅಂದರೆ ಆಡುಮಾತಿನಲ್ಲಿ 'ಜೋನ್ಡ್ ಔಟ್' ಅನ್ನುತ್ತಾರೆ.

ಕ್ಲಾಸಿನಲ್ಲಿ ಟೀಚರ್ 'ಸ್ಟಾಪ್ ಡೇಡ್ರೀಮಿಂಗ್' ಅಂದಾಗ ಅದರಲ್ಲಿ ಬೈಗುಳ ಇದೆ, ನಿಜ. ಆದರೆ ಪದಕ್ಕೆ ಕೆಟ್ಟ ಅರ್ಥವೇನೂ ಇಲ್ಲ. ಕಿಟಕಿಯಾಚೆ ನೋಡುತ್ತಾ ಕೂತ ಮಗು ತಪ್ಪು ಮಾಡುತ್ತಿದೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ವಿಷುವಲೈಜ್‌ಗೆ ಬಂದರೆ, ಇಲ್ಲಿ ಚಿತ್ರ ಬೇಕೇ ಬೇಕು. ನಮ್ಮೂರಿಗೆ ಹತ್ತಿರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಪ್ರವಾಹದ ನೀರು ಏರಿದಾಗ ತಾವಾಗಿ ಕೆಲಸ ಮಾಡುವ ಗೇಟುಗಳನ್ನು ಅವರು ರೂಪಿಸಿದರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವನ್ನು ಮೊದಲು ಅಳವಡಿಸಿದರು. ನೀರು ಎಲ್ಲಿ ಒತ್ತುತ್ತದೆ, ಗೇಟು ಹೇಗೆ ಏಳುತ್ತದೆ ಅಂತ ಕಟ್ಟುವ ಮೊದಲೇ ಕಣ್ಣಮುಂದೆ ತಂದುಕೊಳ್ಳುವುದು ವಿಷುವಲೈಜ್. ಅವರೇ 1934ರಲ್ಲಿ ಭಾರತಕ್ಕೆ ಹತ್ತು ವರ್ಷದ ಆರ್ಥಿಕ ಯೋಜನೆಯೊಂದನ್ನು ಮುಂದಿಟ್ಟರು. ಅದಕ್ಕೆ ವಿಷುವಲೈಜ್ ಅಷ್ಟು ಹೊಂದುವುದಿಲ್ಲ, ಎನ್‌ವಿಸೇಜ್ ಸರಿ. ಅಲ್ಲಿ ಚಿತ್ರಕ್ಕಿಂತ ಜಾಸ್ತಿ, ಮುಂದೆ ಹೀಗಾಗಬೇಕು ಅನ್ನುವ ಲೆಕ್ಕಾಚಾರ ಇದೆ. ಎನ್‌ವಿಷನ್ ಕೂಡ ಅದೇ ಜಾಗದ ಪದ. ಅಮೆರಿಕದವರು ಅದನ್ನು ಜಾಸ್ತಿ ಬಳಸುತ್ತಾರೆ, ಬ್ರಿಟನ್‌ನವರಿಗೆ ಎನ್‌ವಿಸೇಜ್ ರೂಢಿ.

ಇಮ್ಯಾಜಿನ್ ಮತ್ತು ವಿಷುವಲೈಜ್ ಬೇರೆ ಅನ್ನುವುದಕ್ಕೆ ವ್ಯಾಕರಣಕ್ಕಿಂತ ಗಟ್ಟಿ ಸಾಕ್ಷಿ ಒಂದಿದೆ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಲೇಖನ ಪ್ರಕಟಿಸಿದ. ಬೆಳಗಿನ ತಿಂಡಿಯ ಮೇಜನ್ನು ನೆನಪಿಸಿಕೊಳ್ಳಿ, ಏನು ಕಾಣುತ್ತದೆ ಹೇಳಿ ಅಂತ ಆತ ಹಲವರನ್ನು ಕೇಳಿದ್ದ. ಕೆಲವರಿಗೆ ಬಣ್ಣದ ಸಮೇತ ಎಲ್ಲ ಕಂಡಿತು. ಕೆಲವರಿಗೆ ಏನೂ ಕಾಣಲಿಲ್ಲ. ಹೀಗೆ ಮನಸ್ಸಿನಲ್ಲಿ ಚಿತ್ರವೇ ಮೂಡದ ಸ್ಥಿತಿಗೆ 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಆಡಮ್ ಜೆಮನ್ ಮತ್ತು ಅವರ ಜೊತೆಗಾರರು ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. ಇಂಥವರಿಗೆ ವಿಷುವಲೈಜ್ ಮಾಡಲು ಆಗುವುದಿಲ್ಲ. ಆದರೂ ಅವರು ಇಮ್ಯಾಜಿನ್ ಮಾಡಬಲ್ಲರು. ಮಳೆ ಬರದಿದ್ದರೆ ದ್ರಾಕ್ಷಿ ತೋಟದ ಗತಿ ಏನು ಅಂತ ಯೋಚಿಸಲು ತೋಟ ಕಣ್ಣಿಗೆ ಕಾಣಲೇಬೇಕು ಅಂತಿಲ್ಲ, ಅಲ್ವಾ?

ನಿಮ್ಮ ಸಾಲಿನಲ್ಲಿದ್ದ ಇನ್ನೊಂದು ಕಷ್ಟ ಆ 'ಟು'. ಇದು ನಮ್ಮ ಕಡೆ ತುಂಬ ಜನಕ್ಕೆ ಆಗುತ್ತದೆ. 'ಮೈ ಡ್ರೀಮ್ ಈಸ್ ಟು ಬಿಕಮ್ ಎ ಡಾಕ್ಟರ್' ಸರಿ. ಅದೇ ಧಾಟಿಯಲ್ಲಿ 'ಐ ಡ್ರೀಮ್ ಟು ಬಿಕಮ್' ಅನ್ನುತ್ತೇವೆ, ಅದು ತಪ್ಪು. 'ಐ ಡ್ರೀಮ್ ಆಫ್ ಬಿಕಮಿಂಗ್ ಎ ಡಾಕ್ಟರ್' ಆಗಬೇಕು. 'ಇಮ್ಯಾಜಿನ್ ಟು ಲಿವ್' ಅಲ್ಲ, 'ಇಮ್ಯಾಜಿನ್ ಲಿವಿಂಗ್'. ಹಾಗೆಯೇ ಕನ್ನಡದಲ್ಲಿ 'ಅದರ ಬಗ್ಗೆ ಕಲ್ಪಿಸಿಕೊಳ್ಳಿ' ಅನ್ನುವ ಅಭ್ಯಾಸದಿಂದ 'ಇಮ್ಯಾಜಿನ್ ಅಬೌಟ್ ದಟ್' ಅಂತ ಬಂದುಬಿಡುತ್ತದೆ. ಅಲ್ಲಿ ಅಬೌಟ್ ಬೇಡ. ಡೇಡ್ರೀಮ್, ಫ್ಯಾಂಟಸೈಜ್ ಎರಡಕ್ಕೂ ಅಬೌಟ್ ಬೇಕು.

ರಾತ್ರಿ ನಿದ್ದೆಯಲ್ಲಿ ಬಿದ್ದ ಕನಸಾದರೆ 'ಐ ಡ್ರೆಮ್ಟ್ ಅಬೌಟ್ ಯು' ಅನ್ನುವುದು ಜಾಸ್ತಿ. ಬದುಕಿನ ಆಸೆಯಾದರೆ ಡ್ರೀಮ್ ಆಫ್. 'ಐ ವುಡಂಟ್ ಡ್ರೀಮ್ ಆಫ್ ಇಟ್' ಅಂದರೆ ಅದನ್ನು ನಾನು ಖಂಡಿತ ಮಾಡಲ್ಲ ಅಂತ.

ಇಮ್ಯಾಜಿನ್‌ಗೆ ಇನ್ನೂ ಎರಡು ಮುಖ ಇವೆ. 'ಐ ಇಮ್ಯಾಜಿನ್ ಹಿ ಈಸ್ ಟಯರ್ಡ್' ಅಂದರೆ ಕಲ್ಪನೆ ಏನಿಲ್ಲ, ಅವನಿಗೆ ಸುಸ್ತಾಗಿರಬೇಕು ಅಂತ ಅಷ್ಟೆ. ಈ ಅರ್ಥದಲ್ಲಿ 'ಐ ಆಮ್ ಇಮ್ಯಾಜಿನಿಂಗ್' ಅನ್ನುವುದಿಲ್ಲ. 'ಯು ಆರ್ ಇಮ್ಯಾಜಿನಿಂಗ್ ಥಿಂಗ್ಸ್' ಅಂದರೆ ಇಲ್ಲದ್ದೆಲ್ಲ ನಿನಗೆ ಕಾಣ್ತಿದೆ, ಎಲ್ಲ ನಿನ್ನ ಭ್ರಮೆ ಅಂತ. ಈ ಮಾತನ್ನು ದೊಡ್ಡವರಿಗೆ, ಮೇಲಧಿಕಾರಿಗಳಿಗೆ ಹೇಳಬೇಡಿ, ನೋಯಿಸುತ್ತದೆ.

ನೀವು ಕೇಳದ ಒಂದು ಪದವನ್ನೂ ಸೇರಿಸುತ್ತೇನೆ: ಫ್ಯಾನ್ಸಿ. ನಮಗೆ ಫ್ಯಾನ್ಸಿ ಅಂದರೆ ಬಳೆ, ಕ್ಲಿಪ್ಪು ಮಾರುವ ಫ್ಯಾನ್ಸಿ ಸ್ಟೋರ್. ಆದರೆ ಅದು ಫ್ಯಾಂಟಸಿ ಅನ್ನುವ ಪದವೇ ಸವೆದು ಆದದ್ದು, ಹಿಂದೆ ಕಲ್ಪಿಸಿಕೊಳ್ಳುವುದಕ್ಕೂ ಅದನ್ನೇ ಬಳಸುತ್ತಿದ್ದರು. ಈಗ ಬ್ರಿಟನ್‌ನಲ್ಲಿ 'ಫ್ಯಾನ್ಸಿ ಎ ಕಪ್ ಆಫ್ ಟೀ?' ಅಂದರೆ ಟೀ ಕುಡೀತೀರಾ ಅಂತ. 'ಐ ಫ್ಯಾನ್ಸಿ ಹರ್' ಅಂದರೆ ಅವಳ ಮೇಲೆ ಮನಸ್ಸಾಗಿದೆ ಅಂತ. ಇದು ಕಿವಿಗೆ ಬಿದ್ದರೆ ಅರ್ಥ ಆದರೆ ಸಾಕು, ಅರ್ಜಿ ಬರೆಯುವಾಗ ನಿಮಗೆ ಬೇಕಾಗುವುದಿಲ್ಲ.