ಮೂರು ಸಲ ಹಾಕ್ಸಿದ್ವಿ, ಆಮೇಲೆ ಬಿಟ್ಟೇಹೋಯ್ತು

ಪ್ರಶ್ನೆ: ಮಗನಿಗೆ ಈಗ ಒಂದೂವರೆ ವರ್ಷ. ಮೂರೂವರೆ ತಿಂಗಳವರೆಗಿನ ಇಂಜೆಕ್ಷನ್ ಎಲ್ಲ ಹಾಕ್ಸಿದ್ವಿ, ಕೊನೇದು ಹಾಕ್ಸಿದ ರಾತ್ರಿ ಜ್ವರ ಬಂದು ತೊಡೆ ಗಟ್ಟಿಯಾಗಿ ಬೆಳಗಿನವರೆಗೂ ಅತ್ತ. ಒಂಬತ್ತು ತಿಂಗಳಿಗೆ ದಡಾರದ್ದು ಹಾಕ್ಸೋಕೆ ಹೋದ್ರೆ ‘ಇವತ್ತು ಒಂದೇ ಮಗು ಬಂದಿರೋದು, ಇನ್ನೊಂದಿನ ಬನ್ನಿ’ ಅಂತ ವಾಪಸ್ ಕಳಿಸಿದ್ರು, ಆಮೇಲೆ ಹೋಗ್ಲೇ ಇಲ್ಲ. ಈಗ ನಾದಿನಿ ‘ಓದಿದೋರೇ ಹಾಕ್ಸಲ್ವಂತೆ, ಅದ್ರಿಂದ ಆಟಿಸಂ ಬರುತ್ತಂತೆ’ ಅಂತಾಳೆ. ಜನ ಯಾಕೆ ಅರ್ಧಕ್ಕೇ ಬಿಡ್ತಾರೆ? ನಮ್ದು ತಡ ಆಗೋಯ್ತಾ?

ಉತ್ತರ: ಕೊನೇದಕ್ಕೆ ಮೊದ್ಲು ಹೇಳ್ಬಿಡ್ತೀನಿ. ತಡ ಆಗಿದೆ, ಆದ್ರೆ ಏನೂ ಕೈ ಮೀರಿಲ್ಲ, ಈ ವಾರಾನೇ ಹೋಗಿ. ಮತ್ತೆ ಮೊದಲಿಂದ ಶುರು ಮಾಡಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸ್ತಾರೆ. ಕಾರ್ಡ್ ಕಳೆದಿದ್ರೂ ಹೋಗಿ. ‘ಇಷ್ಟು ದಿನ ಎಲ್ಲಿ ಹೋಗಿದ್ರಿ’ ಅಂತ ಎಲ್ಲರ ಮುಂದೆ ಬೈತಾರೇನೋ ಅನ್ನೋ ಮುಜುಗರಕ್ಕೇ ಎಷ್ಟೋ ತಾಯಂದಿರು ಆ ಕಡೆ ತಲೆ ಹಾಕಲ್ಲ, ಅದು ಅವರ ತಪ್ಪಲ್ಲ, ಬೈಯೋರ ತಪ್ಪು.

ನಿಮ್ಮ ಪತ್ರದಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ನಾದಿನಿ ಮಾತಲ್ಲ, ಆ ವಾಪಸ್ ಕಳಿಸಿದ ದಿನ. ದಡಾರದ ಲಸಿಕೆ ಬಾಟಲಿಯಲ್ಲಿ ಪುಡಿ ಥರ ಇರುತ್ತೆ, ದ್ರಾವಣ ಬೆರೆಸಿದ್ಮೇಲೆ ಆರು ಗಂಟೆ ಒಳಗೆ ಮುಗಿಸ್ಬೇಕು, ಉಳಿದಿದ್ದನ್ನ ಎಸೀಬೇಕು. ಬಹಳ ಕಡೆ ಒಂದು ಬಾಟಲಿ ಅಂದ್ರೆ 10 ಡೋಸ್. ಒಂದು ಮಗುಗೆ ಅಂತ ಓಪನ್ ಮಾಡಿದ್ರೆ ಒಂಬತ್ತು ವೇಸ್ಟ್, ಮೇಲಿನೋರಿಗೆ ಲೆಕ್ಕ ಹೇಳ್ಬೇಕು ಅನ್ನೋ ಭಯ ನರ್ಸ್‌ಗೆ, ಹಾಗಾಗಿ ‘ಇನ್ನೊಂದಿನ ಬನ್ನಿ’. ಒಂದೇ ಮಗು ಬಂದ್ರೂ ಬಾಟಲಿ ಓಪನ್ ಮಾಡಿ ಅಂತಾನೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಆದ್ರೆ ಕೂಲಿ ಬಿಟ್ಟು, ಇನ್ನೊಂದು ಮಗುನ ಯಾರ ಹತ್ರಾನೋ ಬಿಟ್ಟು, ಬಸ್ ಹಿಡಿದು ಬಂದ ತಾಯಿಗೆ ಆ ‘ಇನ್ನೊಂದಿನ’ ಸುಲಭಕ್ಕೆ ಸಿಗಲ್ಲ.

ಲೆಕ್ಕ ನೋಡಿ. 2023ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 45 ಲಕ್ಷ ಕೂಸುಗಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿ ಕೊಡೋ ಡಿಪಿಟಿಯ ಮೊದಲ ಡೋಸೂ ಸಿಗಲಿಲ್ಲ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಯುದ್ಧ, ಗಲಭೆ, ಅಸ್ಥಿರತೆ ಇರೋ ದೇಶಗಳ ಮಕ್ಕಳು. ಅಲ್ಲಿ ವಾಟ್ಸಾಪ್ ವದಂತಿಗಿಂತ ಮುಂಚೆ ಲಸಿಕೆ ತಲುಪೋ ದಾರೀನೇ ಇಲ್ಲ. ಇನ್ನೊಂದು 65 ಲಕ್ಷ ಮಕ್ಕಳು ಶುರು ಮಾಡಿ ಮೂರು ಡೋಸ್ ಮುಗಿಸ್ದೇ ಇರೋರು. ಒಂದ್ಸಲ ಕರ್ಕೊಂಡು ಬಂದಿದ್ರು ಅಂದ್ರೆ ಲಸಿಕೆ ಮೇಲೆ ದ್ವೇಷ ಏನಿಲ್ಲ ಅಂತ ತಾನೇ? ಮಧ್ಯದಲ್ಲಿ ಏನೋ ಆಗಿದೆ. ಊರು ಬದಲಾಗಿರ್ಬಹುದು, ತಾರೀಖು ಮರೆತಿರ್ಬಹುದು, ಮನೇಲಿ ಹಿರಿಯರು ಬೇಡ ಅಂದಿರ್ಬಹುದು, ಸ್ಟಾಕ್ ಇಲ್ದೇ ಇರ್ಬಹುದು. ಒಂದು ಫೋನ್ ಮೆಸೇಜ್ ನೆನಪು ಮಾಡಿದ್ರೂ ವಾಪಸ್ ಬರೋರ ಸಂಖ್ಯೆ ಏರುತ್ತೆ ಅಂತ ಬೇಕಾದಷ್ಟು ಕಡೆ ನೋಡಿಯಾಗಿದೆ.

ಜ್ವರದ್ದೂ ಅಷ್ಟೇ. ‘ರಾತ್ರಿ ಜ್ವರ ಬರಬಹುದು, ತೊಡೆ ಊದಬಹುದು, ಒಂದೆರಡು ದಿನದಲ್ಲಿ ಇಳಿಯುತ್ತೆ’ ಅಂತ ಆ ದಿನ ಒಬ್ರು ಮೊದ್ಲೇ ಹೇಳಿದ್ದಿದ್ರೆ ನಿಮಗೆ ಆ ರಾತ್ರಿ ಅಷ್ಟು ಗಾಬರಿ ಆಗ್ತಿರ್ಲಿಲ್ಲ. (ಆಗ ಫಿಟ್ಸ್ ಏನಾದ್ರೂ ಬಂದಿದ್ರೆ ಮಾತ್ರ ಡಾಕ್ಟರ್‌ಗೆ ತಪ್ಪದೇ ಹೇಳಿ.)

ಇನ್ನು ಆಟಿಸಂ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ಬ್ರಿಟಿಷ್ ಡಾಕ್ಟರ್ ಬರೀ 12 ಮಕ್ಕಳನ್ನ ಇಟ್ಕೊಂಡು ಬರೆದ ಲೇಖನದಿಂದ ಹಬ್ಬಿದ ಮಾತು ಅದು. 2010ರಲ್ಲಿ ಅದನ್ನ ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಲೇಖನ ವಾಪಸ್ ತಗೊಂಡಿತು, ಅವನ ವೈದ್ಯಕೀಯ ನೋಂದಣಿಯೂ ಹೋಯ್ತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2019ರಲ್ಲಿ ಸಂಬಂಧ ಇಲ್ಲ ಅಂದ್ರು. ಆದ್ರೆ ಅದಕ್ಕೂ ಎಷ್ಟೋ ಮೊದ್ಲೇ, 2003-04ರ ಹೊತ್ತಿಗೆ, ಇಂಗ್ಲೆಂಡ್‌ನಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡೋ ಲಸಿಕೆ) ಹಾಕ್ಸೋರು ನೂರಕ್ಕೆ 80ಕ್ಕೆ ಇಳಿದಿದ್ರು. ಆಟಿಸಂ ಲಕ್ಷಣ ಕಣ್ಣಿಗೆ ಬೀಳೋ ವಯಸ್ಸು, ಈ ಲಸಿಕೆ ವಯಸ್ಸು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಗಂಟು ಹಾಕೋದು ಸುಲಭ. ನಾದಿನಿ ಜೊತೆ ವಾದಕ್ಕೆ ಕೂರಬೇಡಿ, ಹಾಕ್ಸಿಕೊಂಡು ಬಂದು ಹೇಳಿ.

ಪ್ರಶ್ನೆ: ಸುತ್ತಮುತ್ತ ಎಲ್ಲ ಮಕ್ಕಳಿಗೂ ಹಾಕ್ಸಿದಾರೆ, ನಮ್ಮ ಮಗಳೊಬ್ಳಿಗೆ ಬಿಟ್ರೆ ಏನು ಮಹಾ?

ಉತ್ತರ: ಇದೇ ಲೆಕ್ಕ ನಿಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಹಾಕಿರ್ತಾರೆ ಸ್ವಾಮಿ. ಯಾರಿಗೂ ಲಸಿಕೆ ಇಲ್ದಿರೋ ಕಡೆ ದಡಾರ ಬಂದ ಒಬ್ರಿಂದ 12ರಿಂದ 18 ಜನಕ್ಕೆ ಅಂಟುತ್ತೆ, ರೋಗಿ ರೂಮಿಂದ ಎದ್ದು ಹೋದ್ಮೇಲೂ ವೈರಸ್ ಎರಡು ಗಂಟೆವರೆಗೆ ಗಾಳಿಯಲ್ಲೇ ಇರಬಲ್ಲದು. ಅದಕ್ಕೇ ನೂರಕ್ಕೆ 95 ಜನಕ್ಕೆ ಎರಡೂ ಡೋಸ್ ಆಗಿರ್ಬೇಕು ಅನ್ನೋದು. 2023ರಲ್ಲಿ ಪ್ರಪಂಚದ ಲೆಕ್ಕ ಮೊದಲ ಡೋಸ್‌ಗೆ 83, ಎರಡನೇದಕ್ಕೆ 74. ನಮ್ಮ ಅಜ್ಜಿಯರ ಕಾಲದವರು ದಡಾರಕ್ಕೆ ಮಕ್ಕಳನ್ನ ಕಳ್ಕೊಂಡು ನೋಡಿದ್ರು, ನಾವು ನೋಡಿಲ್ಲ, ಅದಕ್ಕೇ ಈ ಧೈರ್ಯ. ಮತ್ತೆ ನಿಮ್ಮ ಮಗಳು ಎತ್ತಿ ಆಡಿಸೋ ಪಕ್ಕದ ಮನೆ ಆರು ತಿಂಗಳ ಕೂಸಿಗೆ ದಡಾರದ ಲಸಿಕೆ ಹಾಕೋ ವಯಸ್ಸೇ ಇನ್ನೂ ಆಗಿಲ್ಲ.